ಎಂಟು ಗಂಟೆಯ ಮಾಲೀಕ ರಾಬರ್ಟ್ ಬಾಷ್

ಬೆಂಗಳೂರಿನ ಆಡುಗೋಡಿಯ ಕಡೆ ಓಡಾಡಿದವರಿಗೆ ಮೈಕೋ ಎಂಬ ಹೆಸರು ಹೊಸದಲ್ಲ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಜನ ಬಾಯಿತುಂಬ ಕರೆದದ್ದು ಮೈಕೋ ಎಂದೇ. ನಮ್ಮ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಡೀಸೆಲ್ ಪಂಪು, ಸ್ಕೂಟರಿನ ಸ್ಪಾರ್ಕ್ ಪ್ಲಗ್ಗು ಅಲ್ಲಿಂದ ಬರುತ್ತಿದ್ದವು. ಮಗನಿಗೆ ಮೈಕೋದಲ್ಲಿ ಕೆಲಸ ಸಿಕ್ಕಿತು ಎಂದರೆ ಆ ಕಾಲದಲ್ಲಿ ಬೀದಿಗೇ ಸಿಹಿ ಹಂಚುವ ಸುದ್ದಿ. ಒಂದು ಇಡೀ ಬಡಾವಣೆಗೆ ಮೈಕೋ ಲೇಔಟ್ ಎಂಬ ಹೆಸರೇ ಅಂಟಿಕೊಂಡಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಹಳಬರ ನಾಲಗೆಯ ಮೇಲೆ ಮಾತ್ರ ಇಂದಿಗೂ ಅದು ಮೈಕೋ.

ಈ ಬಾಷ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ಜರ್ಮನಿಯಲ್ಲಿ ಹುಟ್ಟಿ, ಇಬ್ಬರು ಸಹಾಯಕರೊಂದಿಗೆ ಒಂದು ಸಣ್ಣ ವರ್ಕ್‌ಶಾಪ್ ತೆರೆದು, ಮುಂದೆ ಸಾವಿರಾರು ಸಂಸಾರಗಳಿಗೆ ಅನ್ನದ ದಾರಿಯಾದ ರಾಬರ್ಟ್ ಬಾಷ್ ಅವರ ಹೆಸರು. ಇವರು ಸಂತರಲ್ಲ. ಇವರ ಬಾಳಿನಲ್ಲಿ ಮೆಚ್ಚತಕ್ಕದ್ದೂ ಇದೆ, ಮನಸ್ಸಿಗೆ ಮುಳ್ಳಾಗಿ ಚುಚ್ಚುವುದೂ ಇದೆ. ಕೂಲಿ ಕೊಡುವವನಿಗೂ ಕೂಲಿ ಪಡೆಯುವವನಿಗೂ ನಡುವೆ ನಂಬಿಕೆ ಎಂಬುದು ಇರಲು ಸಾಧ್ಯವೇ, ಇದ್ದರೆ ಎಷ್ಟು ದಿನ ಬಾಳೀತು ಎಂದು ಯೋಚಿಸುವವರು ಇವರ ಕಥೆಯನ್ನೊಮ್ಮೆ ಕೇಳಬೇಕು.

1861ರ ಸೆಪ್ಟೆಂಬರ್ 23ರಂದು ದಕ್ಷಿಣ ಜರ್ಮನಿಯ ಉಲ್ಮ್ ನಗರದ ಬಳಿ ಅಲ್ಬೆಕ್ ಎಂಬ ಹಳ್ಳಿಯಲ್ಲಿ ರಾಬರ್ಟ್ ಹುಟ್ಟಿದರು. 12 ಮಕ್ಕಳಲ್ಲಿ 11ನೆಯವರು. ತಂದೆ ಸರ್ವಾಟಿಯುಸ್ ಬಾಷ್ ಹೊಲಮನೆ ಇದ್ದ ರೈತ. ಜೊತೆಗೆ ದಾರಿಹೋಕರಿಗೆ ಊಟ, ವಸತಿ ಕೊಡುವ ಛತ್ರದಂಥ ಒಂದು ಹೋಟೆಲನ್ನೂ ನಡೆಸುತ್ತಿದ್ದರು. ಅಂದಿನ ಹಳ್ಳಿಗರ ಮಟ್ಟಕ್ಕೆ ಹೆಚ್ಚಾಗಿಯೇ ಓದಿಕೊಂಡಿದ್ದವರು, ದೊಡ್ಡವರ ಮುಂದೆ ತಲೆಬಾಗದ ಸ್ವಭಾವದವರು. 1869ರಲ್ಲಿ ಅವರು ಹೋಟೆಲನ್ನು ಬಿಟ್ಟು ಸಂಸಾರದೊಡನೆ ಉಲ್ಮ್ ನಗರ ಸೇರಿದರು.

ಹುಡುಗನಿಗೆ ಶಾಲೆಯ ಪಾಠ ಅಷ್ಟಾಗಿ ರುಚಿಸಲಿಲ್ಲ. ಗಿಡಮರ, ಪ್ರಾಣಿಪಕ್ಷಿಗಳೆಂದರೆ ಪ್ರಾಣ. ಕೊನೆಗೆ ತಂದೆಯ ಸಲಹೆಯಂತೆ 1876ರಲ್ಲಿ, 15 ತುಂಬುವ ಹೊತ್ತಿಗೆ, ಉಲ್ಮ್‌ನ ಒಬ್ಬ ಸೂಕ್ಷ್ಮಯಂತ್ರ ಕುಶಲಿಯ ಬಳಿ ಕೆಲಸ ಕಲಿಯಲು ಸೇರಿದನು. ಮೂರು ವರ್ಷದ ಕಲಿಕೆ. ಆದರೆ ಗುರುವೆನಿಸಿಕೊಂಡವರು ವರ್ಕ್‌ಶಾಪಿನಲ್ಲಿ ಕಾಣಿಸಿಕೊಳ್ಳುತ್ತಿದ್ದುದೇ ಅಪರೂಪ. ಹುಡುಗರು ತಮ್ಮಷ್ಟಕ್ಕೆ ತಾವು ತಡಕಾಡಿ ಕಲಿಯಬೇಕು, ಇಲ್ಲವೇ ಕಲಿಯದೆ ಹೋಗಬೇಕು. ಈ ಮೂರು ವರ್ಷದ ಕಹಿ ಅವರ ಮನಸ್ಸಿನಿಂದ ಕೊನೆತನಕ ಹೋಗಲಿಲ್ಲ. ಕೆಲಸ ಕಲಿಸುತ್ತೇನೆಂದು ಹುಡುಗನನ್ನು ಇಟ್ಟುಕೊಂಡು ಕಲಿಸದೆ ಬಿಡುವುದು ಎಂಥ ಮೋಸವೆಂಬುದನ್ನು ಅವರು ಅನುಭವಿಸಿ ತಿಳಿದಿದ್ದರು. ನಮ್ಮೂರ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ, ಟೀ ತರುತ್ತ ವರ್ಷ ಕಳೆಯುವ ಹುಡುಗರನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಕಲಿಕೆ ಮುಗಿದ ಮೇಲೆ ಊರೂರು ಅಲೆದು ದುಡಿದರು. ಸೈನ್ಯದಲ್ಲಿ ಒಂದು ವರ್ಷ ಕಳೆದರು. ಸ್ಟುಟ್‌ಗಾರ್ಟ್‌ನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಕೆಲವು ತಿಂಗಳು ಕುಳಿತು ಪಾಠ ಕೇಳಿದರು. 1884ರಲ್ಲಿ ಹಡಗು ಹತ್ತಿ ಅಮೆರಿಕ ಸೇರಿದರು. ನ್ಯೂಯಾರ್ಕಿನಲ್ಲಿ ಎಡಿಸನ್ ಅವರ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. ಕೆಲಸ ಸಿಕ್ಕಿದಂತೆಯೇ ಹೋಗಲೂಬಹುದು, ನಾಳೆ ಏನೆಂದು ತಿಳಿಯದ ಬಾಳು. ಕೂಲಿಯಾಳಿನ ಭಯ ಏನೆಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

ಅಲ್ಲಿದ್ದಾಗ ಅವರು ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘವನ್ನು ಸೇರಿದರು. ಪ್ರಿಯ ಓದುಗರೇ, ಈ ಸಂಘದ ಹೆಸರಿಗೂ ನಮ್ಮ ಧರ್ಮಸಭೆಯ ಚರಿತ್ರೆಗೂ ಒಂದು ನಂಟಿದೆ. ಅದರ ನಾಯಕರಾಗಿದ್ದ ಟೆರೆನ್ಸ್ ಪೌಡರ್ಲಿ ಕಥೋಲಿಕರು. ಸದಸ್ಯರಲ್ಲಿ ಬಹಳ ಮಂದಿ ಬಡ ಐರಿಷ್ ಕಥೋಲಿಕ ಕೂಲಿಗಳು. ಸಂಘದಲ್ಲಿ ಗುಟ್ಟಿನ ಆಚಾರಗಳಿವೆ ಎಂಬ ಕಾರಣಕ್ಕೆ ಕೆನಡಾದಲ್ಲಿ ಅದರ ಮೇಲೆ ಧರ್ಮಸಭೆಯ ನಿಷೇಧ ಬಿತ್ತು. ಆಗ ಬಾಲ್ಟಿಮೋರಿನ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಗಿಬ್ಬನ್ಸ್ ಅವರು 1887ರಲ್ಲಿ ರೋಮಿನಲ್ಲಿ ಕಾರ್ಮಿಕರ ಪರವಾಗಿ ಮನವಿ ಸಲ್ಲಿಸಿ, ಆ ನಿಷೇಧ ಅಮೆರಿಕಕ್ಕೆ ಹರಡದಂತೆ ತಡೆದರು. ನಾಲ್ಕು ವರ್ಷಗಳ ಬಳಿಕ, 1891ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರ ರೇರುಂ ನೊವಾರುಂ ವಿಶ್ವಪತ್ರ ಹೊರಬಂದು, ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಆ ಸಂಘದಲ್ಲಿ ಒಬ್ಬ ಜರ್ಮನ್ ಹುಡುಗ ಸದಸ್ಯನಾಗಿದ್ದನೆಂಬುದು ಆಗ ಯಾರಿಗೂ ಮುಖ್ಯವಾಗಿರಲಿಕ್ಕಿಲ್ಲ.

ಅಮೆರಿಕದಿಂದ ಇಂಗ್ಲೆಂಡಿಗೆ, ಅಲ್ಲಿ ಸೀಮೆನ್ಸ್ ಸಹೋದರರ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ. ಬಳಿಕ ತಾಯ್ನಾಡಿಗೆ ಹಿಂದಿರುಗಿದರು. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದ ಒಂದು ಮನೆಯ ಹಿಂಭಾಗದಲ್ಲಿ ತಮ್ಮದೇ ವರ್ಕ್‌ಶಾಪ್ ತೆರೆದರು. ತಂದೆಯ ಆಸ್ತಿಯಿಂದ ಬಂದ 10,000 ಮಾರ್ಕ್ ಬಂಡವಾಳ. ಕೆಲಸಕ್ಕೆ ಒಬ್ಬ ಕುಶಲಿ, ಓಡಾಟಕ್ಕೆ ಒಬ್ಬ ಹುಡುಗ. ಮರುವರ್ಷ ಆನ್ನಾ ಕೈಸರ್ ಎಂಬವರನ್ನು ಮದುವೆಯಾದರು.

ಮೊದಲ ಹತ್ತು ವರ್ಷ ಪಡಿಪಾಟಲಿನ ಕಾಲ. ಕರೆಗಂಟೆ ಹಾಕುವುದು, ಟೆಲಿಫೋನ್ ಜೋಡಿಸುವುದು, ಟೈಪ್‌ರೈಟರ್ ರಿಪೇರಿ, ಯಾವುದು ಸಿಕ್ಕಿದರೆ ಅದು. ಇಂಗ್ಲೆಂಡಿನಿಂದ ತರಿಸಿದ ಸೈಕಲ್ ತುಳಿದುಕೊಂಡು ತಾವೇ ಗಿರಾಕಿಗಳ ಮನೆಗೆ ಹೋಗಿ ಕೆಲಸಗಾರರು ಹಾಕಿದ ತಂತಿಯನ್ನು ಪರೀಕ್ಷಿಸುತ್ತಿದ್ದರು. ಕೆಲಸ ಅಚ್ಚುಕಟ್ಟಾಗಿಲ್ಲದಿದ್ದರೆ ಅವರ ಕೋಪ ಕೆರಳುತ್ತಿತ್ತು. 1890ರ ದಶಕದ ಮೊದಲಲ್ಲಿ ಕೆಲಸ ಬತ್ತಿಹೋಗಿ, ಇದ್ದ ಆಳುಗಳಲ್ಲಿ ಬಹುಪಾಲು ಜನರನ್ನು ಮನೆಗೆ ಕಳುಹಿಸಬೇಕಾಯಿತು. ಸಾಲ ಬೆಳೆಯಿತು, ಬಂಧುಗಳ ಮುಂದೆ ಕೈಚಾಚಬೇಕಾಯಿತು.

ಆ ದಿನಗಳಲ್ಲಿ ಅವರ ನೆರೆಯಲ್ಲಿ ವಾಸವಿದ್ದವರು ಕಾರ್ಲ್ ಕೌಟ್ಸ್ಕಿ ಎಂಬ ಹೆಸರಾಂತ ಸಮಾಜವಾದಿ ಬರಹಗಾರರು. ಇಬ್ಬರಿಗೂ ಗೆಳೆತನ ಬೆಳೆಯಿತು. ಮುಂದೆ ಬಾಷ್ ಅವರು ಶ್ರೀಮಂತರಾದ ಮೇಲೂ ಇತರ ಕಾರ್ಖಾನೆಗಳ ಮಾಲೀಕರು ಅವರನ್ನು ಕೆಂಪು ಬಾಷ್ ಎಂದು ಹಂಗಿಸುತ್ತಿದ್ದರಂತೆ.

ಅವರ ಅದೃಷ್ಟ ತಿರುಗಿದ್ದು ಒಂದು ಪುಟ್ಟ ಕಿಡಿಯಿಂದ. ಪೆಟ್ರೋಲ್ ಎಂಜಿನ್ ಓಡಬೇಕಾದರೆ ಸಿಲಿಂಡರಿನೊಳಗಿನ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸರಿಯಾದ ಗಳಿಗೆಯಲ್ಲಿ ಕಿಡಿ ತಾಗಬೇಕು. ಆ ಕಾಲದ ಮೋಟಾರುಗಳಲ್ಲಿ ಕೆಂಪಗೆ ಕಾದ ಕೊಳವೆಯಿಂದಲೋ, ಬೇಗನೆ ಬರಿದಾಗುವ ಬ್ಯಾಟರಿಯಿಂದಲೋ ಈ ಕೆಲಸ ಆಗುತ್ತಿತ್ತು. ಎರಡೂ ತೊಂದರೆಯವೇ. ಅಯಸ್ಕಾಂತದ ನಡುವೆ ತಂತಿಯ ಸುರುಳಿಯನ್ನು ಆಡಿಸಿ, ಬ್ಯಾಟರಿಯ ಹಂಗಿಲ್ಲದೆ ವಿದ್ಯುತ್ ಹುಟ್ಟಿಸುವ ಸಾಧನವೇ ಮ್ಯಾಗ್ನೆಟೋ. ಇದನ್ನು ಬಾಷ್ ಅವರು ಕಂಡುಹಿಡಿಯಲಿಲ್ಲ. ಬೇರೆಯವರು ಮಾಡಿದ್ದನ್ನು ನೋಡಿ, 1887ರಲ್ಲಿ ಒಬ್ಬ ಗಿರಾಕಿಯ ನಿಂತಲ್ಲೇ ಓಡುವ ಎಂಜಿನ್ನಿಗೆ ಮಾಡಿಕೊಟ್ಟರು. 1897ರಲ್ಲಿ ಫ್ರೆಡರಿಕ್ ಸಿಮ್ಸ್ ಎಂಬ ವ್ಯಾಪಾರಿ ಒಂದು ಮೂರು ಚಕ್ರದ ಮೋಟಾರು ಗಾಡಿಯನ್ನು ತಂದು ಇದಕ್ಕೆ ಕೂಡಿಸಿಕೊಡಿ ಎಂದು ಕೇಳಿದರು. ಆ ಗಾಡಿಯ ಎಂಜಿನ್ ವೇಗವಾಗಿ ತಿರುಗುವಂಥದ್ದು; ಹಳೆಯ ಮ್ಯಾಗ್ನೆಟೋ ಅದಕ್ಕೆ ಸಾಟಿಯಾಗಲಿಲ್ಲ. ಭಾರದ ಸುರುಳಿಯನ್ನು ಅಲುಗಾಡಿಸುವ ಬದಲು ಅದರ ಸುತ್ತ ಹಗುರವಾದ ಲೋಹದ ತೊಗಟೆಯನ್ನು ಆಡಿಸಿದರಾಯಿತೆಂದು ದಾರಿ ತೋರಿಸಿದವರು ವರ್ಕ್‌ಶಾಪಿನ ಮೇಲ್ವಿಚಾರಕ ಆರ್ನಾಲ್ಡ್ ತ್ಸೆರಿಂಗರ್. 1902ರಲ್ಲಿ ಹೆಚ್ಚಿನ ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದವರು ಗಾಟ್‌ಲೋಬ್ ಹೊನೋಲ್ಡ್. ಹಿಂದೆ ಇದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ ಹುಡುಗ. ಬಾಷ್ ಅವರ ದೊಡ್ಡ ಗುಣ ಇಲ್ಲೇ ಕಾಣುತ್ತದೆ ಎಂದು ನನಗನಿಸುತ್ತದೆ. ತಮಗಿಂತ ಜಾಣರಾದವರು ತಮ್ಮ ಕೈಕೆಳಗಿದ್ದರೆ ಅವರಿಗೆ ಹೊಟ್ಟೆಯುರಿ ಇರಲಿಲ್ಲ.

ಯೂರೋಪಿನ ಮೋಟಾರುಗಳೆಲ್ಲ ಬಾಷ್ ಕಿಡಿಯನ್ನು ಬಯಸತೊಡಗಿದವು. 1901ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ಕಾರ್ಖಾನೆ ಎದ್ದಿತು. ಗಾಳಿ, ಬೆಳಕು ಧಾರಾಳವಾಗಿ ಬರುವ ಅಂಗಳ, ಚೊಕ್ಕಟವಾದ ನೆಲ ಇವುಗಳ ಬಗ್ಗೆ ಮಾಲೀಕರದು ಒಂದು ಬಗೆಯ ಹಟ. ಕತ್ತಲೆಯ ಕೊಳಕು ಮೂಲೆಯಲ್ಲಿ ಕೂತು ಕೂದಲೆಳೆಯಷ್ಟು ನಾಜೂಕಿನ ಕೆಲಸ ಮಾಡೆಂದರೆ ಯಾರು ತಾನೇ ಮಾಡಿಯಾರು?

ಈಗ ಗಂಟೆಗಳ ವಿಷಯಕ್ಕೆ ಬರೋಣ. ಅಂದಿನ ಜರ್ಮನಿಯ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ಕೆಲವೆಡೆ ಅದಕ್ಕೂ ಹೆಚ್ಚು ದುಡಿಮೆ ಸಾಮಾನ್ಯ. ಭಾನುವಾರ ಬಿಟ್ಟರೆ ಬಿಡುವಿಲ್ಲ. ಬಾಷ್ ಅವರು ಇನ್ನೂ ಸಾಲದಲ್ಲಿದ್ದ 1894ರಲ್ಲೇ ತಮ್ಮ ವರ್ಕ್‌ಶಾಪಿನಲ್ಲಿ 9 ಗಂಟೆಯ ದಿನವನ್ನು ತಂದರು. 1906ರಲ್ಲಿ, ಅವರ ಕಾರ್ಖಾನೆಯ 1,00,000ನೆಯ ಮ್ಯಾಗ್ನೆಟೋ ಹೊರಬಂದ ವರ್ಷ, ಅದನ್ನು 8 ಗಂಟೆಗೆ ಇಳಿಸಿದರು. ಕೂಲಿ ಕಡಿಮೆ ಮಾಡಲಿಲ್ಲ. 1910ರಲ್ಲಿ ಶನಿವಾರ ಮಧ್ಯಾಹ್ನದ ಬಿಡುವನ್ನೂ ಕೊಟ್ಟರು. ಜರ್ಮನಿಯ ಸರ್ಕಾರ 8 ಗಂಟೆಯ ದಿನವನ್ನು ಕಾನೂನು ಮಾಡಿದ್ದು ಮೊದಲ ಮಹಾಯುದ್ಧ ಮುಗಿದ 1918ರ ನವೆಂಬರಿನಲ್ಲಿ. ಅಂದರೆ 12 ವರ್ಷ ತಡವಾಗಿ. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ವಾರಕ್ಕೆ ಎಷ್ಟು ಗಂಟೆ ದುಡಿಯಬೇಕೆಂಬ ವಾದ ನಮ್ಮ ಬೆಂಗಳೂರಿನಲ್ಲಿ ಇಂದಿಗೂ ನಡೆದೇ ಇದೆಯಲ್ಲವೇ?

ಇದು ಬರಿಯ ಧರ್ಮಬುದ್ಧಿಯ ಕೆಲಸವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ದಣಿದ ಕೈ ಕೊನೆಯ ಗಂಟೆಗಳಲ್ಲಿ ಹಾಳು ಮಾಡುವ ಸಾಮಾನಿನ ಬೆಲೆಯನ್ನು ಬಾಷ್ ಅವರು ಲೆಕ್ಕ ಹಾಕಿದ್ದರು. 10 ಗಂಟೆಯ ಒಂದು ಪಾಳಿಗಿಂತ 8 ಗಂಟೆಯ ಎರಡು ಪಾಳಿ ನಡೆಸಿದರೆ ದುಬಾರಿ ಯಂತ್ರಗಳು 16 ಗಂಟೆ ಓಡುತ್ತವೆ ಎಂಬುದೂ ಅವರಿಗೆ ಗೊತ್ತಿತ್ತು. ಊರಿನ ಬೇರೆ ಕಾರ್ಖಾನೆಗಳಿಗಿಂತ ಹೆಚ್ಚು ಕೂಲಿ ಕೊಟ್ಟರು. ಒಳ್ಳೆಯ ಕೆಲಸಗಾರರು ತಾವಾಗಿ ಬಂದರು. ತಾನು ಶ್ರೀಮಂತನಾದ್ದರಿಂದ ಒಳ್ಳೆಯ ಕೂಲಿ ಕೊಡುತ್ತಿಲ್ಲ, ಒಳ್ಳೆಯ ಕೂಲಿ ಕೊಟ್ಟದ್ದರಿಂದಲೇ ಶ್ರೀಮಂತನಾದೆ ಎಂಬುದು ಅವರ ನಂಬಿಕೆ. ಇದನ್ನು ದಾನವೆಂದು ಯಾರಾದರೂ ಹೊಗಳಿದರೆ ಅವರಿಗೆ ಸರಿಬರುತ್ತಿರಲಿಲ್ಲ. ದಾನ ಕೊಡುವವನ ಮುಂದೆ ತೆಗೆದುಕೊಳ್ಳುವವನು ಕೈಮುಗಿದು ನಿಲ್ಲಬೇಕಾಗುತ್ತದೆ. ತನ್ನ ಕೆಲಸಗಾರ ಹಾಗೆ ನಿಲ್ಲುವುದು ಅವರಿಗೆ ಬೇಕಿರಲಿಲ್ಲ.

ಹಾಗೆಂದು ಮೃದು ಮನುಷ್ಯರೇನಲ್ಲ. ಸಿಡುಕು, ಬಿರುನುಡಿ ಎರಡೂ ಇದ್ದವು. ಬೇಡದ ಕಡೆ ದೀಪ ಉರಿಯುತ್ತಿದ್ದರೆ ಸಹಿಸುತ್ತಿರಲಿಲ್ಲ. ಒಮ್ಮೆ ಕಚೇರಿಯ ನೆಲದ ಮೇಲೆ ಬಿದ್ದಿದ್ದ ಕಾಗದದ ಕ್ಲಿಪ್ಪನ್ನು ಹೆಕ್ಕಿ ಇದೇನೆಂದು ಅಲ್ಲಿದ್ದವರನ್ನು ಕೇಳಿದರಂತೆ. ಕ್ಲಿಪ್ಪು ಎಂಬ ಉತ್ತರ ಬಂತು. ಅಲ್ಲ, ಇದು ನನ್ನ ದುಡ್ಡು ಎಂದು ಅವರು ಗದರಿದ ಕಥೆಯನ್ನು ಕಾರ್ಖಾನೆಯ ಜನ ಮುಂದೆ ಬಹಳ ಕಾಲ ಹೇಳಿಕೊಳ್ಳುತ್ತಿದ್ದರು. ಒಂದು ಕ್ಲಿಪ್ಪಿಗೆ ಇಷ್ಟು ಮಾತನಾಡುವವರೇ 1910ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಮಹಾವಿದ್ಯಾಲಯಕ್ಕೆ 10 ಲಕ್ಷ ಮಾರ್ಕ್ ಕೊಟ್ಟರು.

ಇಷ್ಟೆಲ್ಲ ಆಗಿಯೂ 1913ರಲ್ಲಿ ಬಾಷ್ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು.

ಕಾರಣ ಏನು? ವ್ಯಾಪಾರ ಬೆಳೆದ ಹಾಗೆ ಹೊಸ ಯಂತ್ರಗಳು ಬಂದಿದ್ದವು. ಒಬ್ಬ ಕುಶಲಿ ಮೊದಲಿನಿಂದ ಕೊನೆಯವರೆಗೆ ಮಾಡುತ್ತಿದ್ದ ಕೆಲಸ ತುಂಡುತುಂಡಾಗಿ ಹಂಚಿಹೋಗಿತ್ತು. ಗಂಟೆ ಕಡಿಮೆ, ಕೂಲಿ ಹೆಚ್ಚು ನಿಜ. ಆದರೆ ಆ ಗಂಟೆಗಳೊಳಗಿನ ವೇಗ ಮೈ ಹಿಂಡುವಂಥದ್ದು. ಬಾಷ್ ವೇಗ ಎಂಬ ಮಾತೇ ಕಾರ್ಮಿಕರ ಬಾಯಲ್ಲಿ ಹುಟ್ಟಿಕೊಂಡಿತು. ಜೊತೆಗೆ ಕಾರ್ಖಾನೆಯೊಳಗೆ ಸಂಘದ ಮಾತು ಎಷ್ಟು ನಡೆಯಬೇಕು, ಮಾಲೀಕರ ಮಾತು ಎಷ್ಟು ಎಂಬ ಜಗ್ಗಾಟ. ಕೆಲಸ ನಿಂತಿತು, ಬಾಗಿಲು ಮುಚ್ಚಿತು, ವಾರಗಳು ಕಳೆದವು. ಕೊನೆಗೆ ಸೋತವರು ಕಾರ್ಮಿಕರು.

ಈ ಪೆಟ್ಟು ಬಾಷ್ ಅವರ ಎದೆಗೆ ತಾಗಿತು. ತಾನು ಇಷ್ಟು ಮಾಡಿದೆ, ಇವರು ನನಗೇ ಹೀಗೆ ಮಾಡಿದರು ಎಂಬ ನೋವು. ಅದುವರೆಗೆ ದೂರವಿಟ್ಟಿದ್ದ ಮಾಲೀಕರ ಸಂಘವನ್ನು ಅವರು ಅದೇ ವರ್ಷ ಸೇರಿಕೊಂಡರು. ಮಕ್ಕಳಿಗಾಗಿ ಎಲ್ಲ ಮಾಡಿದೆನೆಂದು ಹೇಳುವ ತಂದೆತಾಯಿಯರ ಮಾತಿನಲ್ಲೂ ಇಂಥದೇ ನೋವಿರುತ್ತದೆ. ಆದರೆ ಮಕ್ಕಳಿಗೆ ಬೇಕಾದದ್ದು ಏನೆಂದು ಕೇಳಿದ್ದೆವೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಕೆಲಸಗಾರನಿಗೆ ಕೂಲಿ, ಬಿಡುವು ಎರಡರ ಜೊತೆಗೆ ತನ್ನ ದುಡಿಮೆಯ ಬಗ್ಗೆ ತಾನೂ ಮಾತನಾಡುವ ಹಕ್ಕು ಬೇಕಿತ್ತು. ಒಂದು ಕಾಲಕ್ಕೆ ನ್ಯೂಯಾರ್ಕಿನಲ್ಲಿ ಸಂಘ ಸೇರಿದ್ದ ಹುಡುಗನಿಗೆ ಅದು ತಿಳಿಯದ ಮಾತೇನಲ್ಲ. ಮಾಲೀಕನ ಕುರ್ಚಿಯಿಂದ ನೋಡುವಾಗ ಅದೇ ಮಾತು ಬೇರೆಯಾಗಿ ಕಂಡಿತು. ಅಷ್ಟರ ಮಟ್ಟಿಗೆ ಅವರೂ ನಮ್ಮ ನಿಮ್ಮಂತೆಯೇ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು: ಸಿಟ್ಟಿನಲ್ಲಿ 8 ಗಂಟೆಯ ದಿನವನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

ಅದೇ 1913ರಲ್ಲಿ ಅವರು ಕಾರ್ಖಾನೆಯೊಳಗೆ ಹುಡುಗರ ತರಬೇತಿಗೆಂದೇ ಬೇರೆ ವರ್ಕ್‌ಶಾಪ್ ತೆರೆದರು. ಕಲಿಸುವುದೇ ಕೆಲಸವಾಗಿರುವ ಶಿಕ್ಷಕರು, ಹುಡುಗರ ಕೈಗೇ ಉಪಕರಣ. 37 ವರ್ಷಗಳ ಹಿಂದೆ ಉಲ್ಮ್‌ನಲ್ಲಿ ತಮಗೆ ಸಿಗದಿದ್ದುದನ್ನು ಅವರು ಬೇರೆಯವರ ಮಕ್ಕಳಿಗೆ ಸಿಗುವಂತೆ ಮಾಡಿದರು.

1914ರಲ್ಲಿ ಮಹಾಯುದ್ಧ ಬಂತು. ಬಾಷ್ ವ್ಯಾಪಾರದ 80ಕ್ಕೂ ಹೆಚ್ಚು ಪಾಲು ನೂರಕ್ಕೆ ಹೊರದೇಶಗಳಲ್ಲೇ ಇದ್ದುದರಿಂದ ಅದೆಲ್ಲ ಒಮ್ಮೆಗೇ ಕಡಿದುಬಿತ್ತು. ಹೊಸದಾಗಿ ಕಟ್ಟಿಸಿದ್ದ ಕಾರ್ಖಾನೆಯ ಕಟ್ಟಡಗಳನ್ನು ಗಾಯಾಳು ಸೈನಿಕರ ಆಸ್ಪತ್ರೆಗೆ ಬಿಟ್ಟುಕೊಟ್ಟರು. ಆದರೆ ಸೈನ್ಯಕ್ಕೆ ಸಾಮಾನು ಒದಗಿಸಿದ್ದರಿಂದ ಲಾಭವೂ ಹರಿದುಬಂತು. ಹೆಣಗಳ ಮೇಲಿನ ಈ ದುಡ್ಡು ಅವರಿಗೆ ಜೀರ್ಣವಾಗಲಿಲ್ಲ. 1916ರಲ್ಲಿ ನೆಕರ್ ನದಿಯನ್ನು ಹಡಗು ಓಡುವ ಕಾಲುವೆಯಾಗಿಸುವ ಯೋಜನೆಗೆ 1 ಕೋಟಿ 30 ಲಕ್ಷ ಮಾರ್ಕ್ ಕೊಟ್ಟರು. ಕಾಲುವೆಯ ಕೆಲಸ ಶುರುವಾಗುವ ತನಕ ಅದರ ಬಡ್ಡಿ ಯುದ್ಧದಿಂದ ನೊಂದವರಿಗೆ ಹೋಗಬೇಕೆಂದು ಏರ್ಪಾಟಾಯಿತು. ಕೆಲಸಗಾರರು ಸಂಜೆ ಹೊತ್ತು ಓದಿ ಕಲಿಯುವಂತೆ ಜನಶಿಕ್ಷಣದ ಸಂಘಕ್ಕೂ ಬೆಂಬಲವಾಗಿ ನಿಂತರು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಕಾರ್ಖಾನೆಯವರಿಗಾಗಿಯೇ ಒಂದು ಪತ್ರಿಕೆ ಹೊರಟಿತು. ಮುಷ್ಕರದ ಪಾಠವನ್ನು ಅವರು ಪೂರ್ತಿ ಮರೆತಿರಲಿಲ್ಲವೆಂದು ಕಾಣುತ್ತದೆ. ಮಾಲೀಕರೂ ಕೆಲಸಗಾರರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲೆಂಬುದು ಅದರ ಉದ್ದೇಶ.

ಮನೆಯ ಕಡೆ ನೋಡಿದರೆ ಅಷ್ಟು ಸುಖವಿಲ್ಲ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ 1891ರಲ್ಲಿ ಹುಟ್ಟಿದ ಮಗನಿಗೆ ತಮ್ಮದೇ ಹೆಸರಿಟ್ಟಿದ್ದರು. ಕಾರ್ಖಾನೆ ಅವನ ಕೈಗೆ ಹೋಗಬೇಕೆಂಬ ಆಸೆ. ಮಗನಿಗೆ ನರಗಳು ದಿನದಿನಕ್ಕೆ ಸೋಲುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗ ಹಿಡಿಯಿತು. ಹಣವಿತ್ತು, ದೇಶದ ಅತ್ಯುತ್ತಮ ವೈದ್ಯರಿದ್ದರು, ಮದ್ದಿರಲಿಲ್ಲ. ವರ್ಷಗಟ್ಟಲೆ ನರಳಿ 1921ರಲ್ಲಿ ಮಗ ತೀರಿಹೋದ. ಆ ದುಃಖವನ್ನು ಗಂಡಹೆಂಡತಿ ಒಟ್ಟಿಗೆ ಹೊರಲಾರದೆ ಹೋದರು. 1927ರಲ್ಲಿ ವಿಚ್ಛೇದನವಾಯಿತು. 40 ವರ್ಷ ಜೊತೆಗಿದ್ದು, ಸಾಲದ ದಿನಗಳಲ್ಲೂ ಮಗನ ಹಾಸಿಗೆಯ ಬಳಿಯೂ ಇದ್ದ ಆನ್ನಾ ಅವರ ಬಗ್ಗೆ ಚರಿತ್ರೆ ಬರೆಯುವವರು ಬಹಳ ಕಡಿಮೆ ಹೇಳುತ್ತಾರೆ. ಬಾಷ್ ಅವರು ಅದೇ ವರ್ಷ ಮಾರ್ಗರೆಟೆ ವೋರ್ಟ್ಸ್ ಎಂಬವರನ್ನು ಮದುವೆಯಾದರು. ಇಳಿವಯಸ್ಸಿನಲ್ಲಿ ಇನ್ನೂ ಇಬ್ಬರು ಮಕ್ಕಳಾದರು.

ಮೋಟಾರು ವ್ಯಾಪಾರ ಕುಸಿದ 1926ರಲ್ಲಿ ಬಹಳ ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಯಿತು. ಒಂದೇ ಸಾಮಾನನ್ನು ನಂಬಿ ಕೂತರೆ ಸಾವಿರಾರು ಮನೆಗಳ ಒಲೆ ಆರುತ್ತದೆಂದು ಆಗ ಮನದಟ್ಟಾಯಿತು. 1927ರಲ್ಲಿ ಡೀಸೆಲ್ ಪಂಪು, ಆಮೇಲೆ ಕೊರೆಯುವ ಯಂತ್ರ, 1933ರಲ್ಲಿ ಮನೆಬಳಕೆಯ ಫ್ರಿಜ್ಜು ಬಂದವು. 1929ರಲ್ಲಿ ಮುಪ್ಪಿನ ಕಾಲಕ್ಕೂ, ಕೆಲಸಗಾರ ತೀರಿಕೊಂಡರೆ ಅವನ ಹೆಂಡತಿ ಮಕ್ಕಳಿಗೂ ನೆರವಾಗುವ ನಿಧಿಯನ್ನು ಕಂಪನಿ ಸ್ಥಾಪಿಸಿತು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫ್ರಾನ್ಸ್ ಜರ್ಮನಿಗಳ ನಡುವೆ ರಾಜಿಯಾಗಬೇಕೆಂದು ವರ್ಷಗಳಿಂದ ದುಡಿಯುತ್ತಿದ್ದ ಬಾಷ್ ಅವರು ಆ ವರ್ಷವೇ ಅವನನ್ನು ಕಂಡು ಮಾತನಾಡಿ, ನಿರಾಶರಾಗಿ ಹಿಂದಿರುಗಿದರು. ಆಗ ಅವರಿಗೆ 72 ವರ್ಷ. ಇಲ್ಲಿಂದ ಮುಂದಿನ ಒಂಬತ್ತು ವರ್ಷಗಳ ಕಥೆ ಎರಡು ಮುಖದ್ದು.

ಒಂದು ಕಡೆ, ಅವರ ನಂಬಿಕಸ್ತ ಹಾನ್ಸ್ ವಾಲ್ಟ್ಸ್ ಅವರ ಮೂಲಕ ಕಂಪನಿಯ ಹಣ ಗುಟ್ಟಾಗಿ ಯೆಹೂದ್ಯರಿಗೆ ತಲುಪುತ್ತಿತ್ತು. ದೇಶ ಬಿಟ್ಟು ಪಾರಾಗಲು ಹಲವರಿಗೆ ನೆರವಾಯಿತು. ಕೆಲವರಿಗೆ ಕಾರ್ಖಾನೆಯಲ್ಲೇ ಆಸರೆ ಸಿಕ್ಕಿತು. ಹಿಟ್ಲರನನ್ನು ವಿರೋಧಿಸಿ ಲೈಪ್‌ಝಿಗ್ ನಗರದ ಮೇಯರ್ ಹುದ್ದೆ ಬಿಟ್ಟಿದ್ದ ಕಾರ್ಲ್ ಗೋರ್ಡೆಲರ್ ಅವರಿಗೆ 1937ರಲ್ಲಿ ಸಲಹೆಗಾರನ ಕೆಲಸ ಕೊಟ್ಟರು. ಆ ಕೆಲಸದ ಮರೆಯಲ್ಲಿ ಅವರು ವಿರೋಧಿಗಳನ್ನು ಕೂಡಿಸುತ್ತ ದೇಶವಿದೇಶ ಸುತ್ತಿದರು. ಹಿಟ್ಲರ್ ಹೋದ ಮೇಲೆ ರಚಿಸಬೇಕೆಂದುಕೊಂಡಿದ್ದ ಮಂತ್ರಿಮಂಡಲಕ್ಕೆ ಗೋರ್ಡೆಲರ್ ಆರಿಸಿದ್ದವರಲ್ಲಿ ಒಬ್ಬರು, ಸ್ಟುಟ್‌ಗಾರ್ಟ್ ಇರುವ ವುರ್ಟೆಂಬರ್ಗ್ ಸೀಮೆಯ ಮಾಜಿ ಮುಖ್ಯಸ್ಥ, ಭಕ್ತ ಕಥೋಲಿಕ ಒಯ್ಗೆನ್ ಬೋಲ್ಟ್ಸ್. ಇಬ್ಬರೂ 1945ರಲ್ಲಿ ಮರಣದಂಡನೆಗೆ ಗುರಿಯಾದರು. ಹಾನ್ಸ್ ವಾಲ್ಟ್ಸ್ ಬದುಕುಳಿದರು. 1969ರಲ್ಲಿ ಇಸ್ರೇಲಿನ ಯಾದ್ ವಾಷೆಮ್ ಸಂಸ್ಥೆ ಯೆಹೂದ್ಯರನ್ನು ಕಾಪಾಡಿದ ನೀತಿವಂತರ ಸಾಲಿನಲ್ಲಿ ಅವರ ಹೆಸರನ್ನು ಸೇರಿಸಿತು.

ಇನ್ನೊಂದು ಕಡೆ, ಅದೇ ಕಂಪನಿ ಹಿಟ್ಲರನ ಯುದ್ಧಕ್ಕೆ ಬೇಕಾದ ಸಾಮಾನುಗಳನ್ನು ತಯಾರಿಸಿತು. ವಿಮಾನ, ಲಾರಿ, ಟ್ಯಾಂಕುಗಳಿಗೆ ಬಾಷ್ ಭಾಗಗಳಿಲ್ಲದೆ ನಡೆಯುತ್ತಿರಲಿಲ್ಲ. ಯುದ್ಧದ ವರ್ಷಗಳಲ್ಲಿ ಸುಮಾರು 20,000 ಜನರನ್ನು ಬಲವಂತದ ದುಡಿಮೆಗೆ ಅದರ ಕಾರ್ಖಾನೆಗಳಿಗೆ ತಂದು ಹಾಕಲಾಯಿತು. ಯುದ್ಧಕೈದಿಗಳು, ಆಕ್ರಮಿತ ದೇಶಗಳಿಂದ ಹಿಡಿದು ತಂದ ಗಂಡಸರು ಹೆಂಗಸರು, ಸೆರೆಶಿಬಿರಗಳ ಬಂದಿಗಳು. ಅವರಿಗೆ 8 ಗಂಟೆಯ ದಿನವಿರಲಿಲ್ಲ, ಶನಿವಾರದ ಬಿಡುವಿರಲಿಲ್ಲ. ಇದರಲ್ಲಿ ಬಹುಪಾಲು ನಡೆದದ್ದು ಬಾಷ್ ತೀರಿಕೊಂಡ ಮೇಲೆ ಎಂಬುದು ನಿಜ. ಆದರೆ ಶುರುವಾದದ್ದು ಅವರು ಬದುಕಿದ್ದಾಗಲೇ. ಬಾಗಿಲು ಮುಚ್ಚಿ ಮನೆಗೆ ಹೋಗಿದ್ದರೆ ಕಾರ್ಖಾನೆಯನ್ನು ಸರ್ಕಾರವೇ ಕಿತ್ತುಕೊಳ್ಳುತ್ತಿತ್ತು, ಕಾಪಾಡಿದ ನಾಲ್ಕು ಜೀವಗಳೂ ಉಳಿಯುತ್ತಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಹಾಗೆಂದು ಆ 20,000 ಜನರ ಮುಖ ನೋಡಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಬಲವಂತದ ದುಡಿಮೆಗೆ ಒಳಗಾದವರಿಗೆ ಪರಿಹಾರ ಕೊಡಲು ಜರ್ಮನ್ ಸರ್ಕಾರ ಮತ್ತು ಉದ್ಯಮಗಳು 2000ದಲ್ಲಿ ಕಟ್ಟಿದ ನಿಧಿಗೆ ಬಾಷ್ ಕಂಪನಿಯೂ ಸೇರಿತು. ಅಷ್ಟು ಹೊತ್ತಿಗೆ ಆ ಜನರಲ್ಲಿ ಬಹಳ ಮಂದಿ ಕಣ್ಮುಚ್ಚಿದ್ದರು.

ಕೊನೆಯ ವರ್ಷಗಳಲ್ಲಿ ಮುದುಕರ ಮನಸ್ಸು ನೆಟ್ಟಿದ್ದು ಒಂದು ಆಸ್ಪತ್ರೆಯ ಮೇಲೆ. ಅವರಿಗೆ ಎಳೆತನದಿಂದಲೂ ಹೋಮಿಯೋಪತಿಯಲ್ಲಿ ನಂಬಿಕೆ. 1936ರಲ್ಲಿ ಕಂಪನಿಗೆ 50, ತಮಗೆ 75 ತುಂಬಿದಾಗ ಸ್ಟುಟ್‌ಗಾರ್ಟ್‌ಗೆ ಒಂದು ಆಸ್ಪತ್ರೆಯನ್ನು ಕಟ್ಟಿಸಿಕೊಡುವುದಾಗಿ ಮಾತು ಕೊಟ್ಟರು. 1940ರಲ್ಲಿ ಅದು ತೆರೆಯಿತು. ಇಂದಿಗೂ ರಾಬರ್ಟ್ ಬಾಷ್ ಆಸ್ಪತ್ರೆ ಆ ಊರಿನ ದೊಡ್ಡ ಆಸ್ಪತ್ರೆಗಳಲ್ಲೊಂದು.

1942ರ ಮಾರ್ಚ್ 12ರಂದು, 80ನೆಯ ವಯಸ್ಸಿನಲ್ಲಿ, ರಾಬರ್ಟ್ ಬಾಷ್ ತೀರಿಕೊಂಡರು. ಯಾರನ್ನು ಒಳಗೊಳಗೇ ಹೇಸುತ್ತಿದ್ದರೋ ಅದೇ ಸರ್ಕಾರ ತನ್ನ ಬಾವುಟ ಹೊದಿಸಿ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಸಿತು. ಬೇಡವೆನ್ನುವ ಸ್ಥಿತಿಯಲ್ಲಿ ಸಂಸಾರದವರಿರಲಿಲ್ಲ. ಅವರ ಗೆಳೆಯ ಥಿಯೋಡರ್ ಹೊಯ್ಸ್ ಮುಂದೆ ಅವರ ಜೀವನಚರಿತ್ರೆ ಬರೆದರು; 1949ರಲ್ಲಿ ಅವರೇ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷರಾದರು.

ಬಾಷ್ ತಮ್ಮ ಉಯಿಲಿನಲ್ಲಿ ನಂಬಿಕಸ್ತರಿಗೆ ಒಂದು ದಾರಿ ಹಾಕಿಕೊಟ್ಟಿದ್ದರು: ಕಂಪನಿ ಬಾಳಬೇಕು, ಅದರ ಗಳಿಕೆ ಸಮಾಜಕ್ಕೆ ಸಲ್ಲಬೇಕು. ಅದನ್ನು ಹೇಗೆ ಮಾಡುವುದೆಂದು ತೀರ್ಮಾನಿಸಲು 20 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1964ರಲ್ಲಿ ಸಂಸಾರದವರ ಕೈಲಿದ್ದ ಪಾಲುಗಳಲ್ಲಿ ಬಹುಭಾಗ ಒಂದು ಸೇವಾಸಂಸ್ಥೆಗೆ ಹೋಯಿತು. ಈಗ ಕಂಪನಿಯ ಬಂಡವಾಳದಲ್ಲಿ ನೂರಕ್ಕೆ 94ರಷ್ಟು ಆ ಸಂಸ್ಥೆಯದೇ. ಅದರ ಪಾಲಿಗೆ ಬರುವ ಲಾಭಾಂಶ ಆರೋಗ್ಯ, ಶಿಕ್ಷಣ, ದೇಶದೇಶಗಳ ನಡುವಿನ ಸೌಹಾರ್ದಕ್ಕೆ ಖರ್ಚಾಗುತ್ತದೆ. ಕಂಪನಿಯನ್ನು ನಡೆಸುವ ಮತದ ಹಕ್ಕು ಮಾತ್ರ ಅದಕ್ಕಿಲ್ಲ. ದಾನ ಮಾಡುವವರು ಬೇರೆ, ವ್ಯಾಪಾರ ನೋಡುವವರು ಬೇರೆ.

ಬೆಂಗಳೂರಿಗೆ ಬಾಷ್ ಅವರು ಬರಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾದ ಮೇಲೆ ಮೈಕೋ ಹುಟ್ಟಿತು. 1960ರಲ್ಲಿ ಮೈಕೋ ತನ್ನ ಆವರಣದಲ್ಲಿ ಅಪ್ರೆಂಟಿಸ್ ಹುಡುಗರಿಗೆ ತರಬೇತಿ ಕೇಂದ್ರ ತೆರೆಯಿತು. ಶಾಲೆ ಮುಗಿಸಿದ ಹುಡುಗರು ಅಲ್ಲಿ ವೈಸಿನ ಮುಂದೆ ನಿಂತು, ಕೈಯಲ್ಲಿ ಅರ ಹಿಡಿದು, ಒಂದು ಕಬ್ಬಿಣದ ತುಂಡನ್ನು ಅಳತೆಗೆ ಸರಿಯಾಗಿ ಉಜ್ಜುವುದನ್ನು ಮೊದಲು ಕಲಿತರು. ಪಕ್ಕದಲ್ಲಿ ನಿಂತು ತಿದ್ದಲು ಒಬ್ಬ ಶಿಕ್ಷಕರಿದ್ದರು.